ಬರುತ್ತೇನೆ ಎಂದ ಧ್ವನಿ

ನನ್ನ ಧ್ವನಿ ನನ್ನನ್ನು ಬಿಟ್ಟು ಊರಲ್ಲಿ ಓಡಾಡುತ್ತಿದೆ ಎಂದು ನನಗೆ ಗೊತ್ತಾದದ್ದು ಟಂಟಂ ಆಟೋದಲ್ಲಿ ಕೂತಿದ್ದಾಗ. ಕಪನೂರಿನ ಕೆಲಸ ಮುಗಿಸಿ ಮನೆಗೆ ಹೊರಟಿದ್ದೆ. ಬೇಸಿಗೆ ಶುರುವಾಗಿತ್ತು, ಸೀಟಿನ ರೆಗ್ಜಿನ್ ಸೀರೆಯೊಳಗಿಂದಲೇ ಸುಡುತ್ತಿತ್ತು. ಎದುರಿಗೆ ಒಬ್ಬ ಮನುಷ್ಯ ಕಾಲ ಸಂದಿಯಲ್ಲಿ ಬಣ್ಣದ ಡಬ್ಬ ಇಟ್ಟುಕೊಂಡು ತೂಕಡಿಸುತ್ತಿದ್ದ. ಅವನ ಜೇಬಿನಲ್ಲಿ ಫೋನು ಬಾರಿಸಿತು. ಗುಂಡಿ ಒತ್ತುವ ಹಳೆಯ ಫೋನು, ಕಿವಿಗೆ ಹಿಡಿದರೂ ಪಕ್ಕದವರಿಗೆಲ್ಲ ಕೇಳಿಸುವಂಥದು.

"ನಮಸ್ಕಾರರೀ. ನಾನು ನಿಮ್ಮ ಅಕ್ಕ ಮಾತಾಡಾಕತ್ತೀನಿ. ಇವತ್ತಿನ ಗುಳಿಗಿ ತೊಗೊಂಡ್ರೇನು? ತೊಗೊಂಡಿದ್ರ ಒಂದು ಒತ್ತರಿ. ಏನಾರ ತ್ರಾಸ ಇದ್ರ ಎರಡು ಒತ್ತರಿ."

ಅದು ನಾನು. ನಾನೇ ಮಾತಾಡುತ್ತಿದ್ದೆ, ಮತ್ತು ನಾನು ಬಾಯಿ ಮುಚ್ಚಿಕೊಂಡು ಅವನ ಎದುರಿಗೇ ಕೂತಿದ್ದೆ. ಅವನು ಒಂದು ಒತ್ತಿದ. ಶಾಬಾಸ್, ನಾಳೆ ಮತ್ತೆ ಮಾತಾಡೋಣ ಎಂದಿತು ಆ ಕಡೆಯ ನಾನು, ನಗುನಗುತ್ತ. ಅವನು ಫೋನು ಜೇಬಿಗಿಟ್ಟು ಮತ್ತೆ ತೂಕಡಿಸಿದ. ಅಷ್ಟು ಉರಿಬಿಸಿಲಲ್ಲಿ ನನ್ನ ಮೈಯಲ್ಲಿ ಮುಳ್ಳೆದ್ದವು. ಏಕೆಂದರೆ ಆ ಕೆಲಸ ನಿಂತು ಆಗಲೇ ತಿಂಗಳುಗಳಾಗಿದ್ದವು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಲಬುರಗಿಯ ಮೋಮಿನಪುರದ ಒಂದು ಓಣಿಯ ಬಾಯಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಟಿ.ಬಿ. ಆದವರನ್ನು ನೋಡಿಕೊಳ್ಳುವ ಸಂಸ್ಥೆ. ಗುಳಿಗೆ ಕೊಡುವುದು ನಮ್ಮ ಸರ್ಕಾರವೇ. ಆದರೆ ಆರು ತಿಂಗಳು ನುಂಗಬೇಕಾದ ಗುಳಿಗೆಯನ್ನು ಜನ ಎರಡೇ ತಿಂಗಳಿಗೆ, ಕೆಮ್ಮು ಕಡಿಮೆಯಾದ ಕೂಡಲೇ, ಬಿಟ್ಟುಬಿಡುತ್ತಾರೆ. ಬಿಟ್ಟರೆ ರೋಗ ಇನ್ನೂ ಕೆಟ್ಟದಾಗಿ ತಿರುಗಿ ಬರುತ್ತದೆ. ಅವರು ನಡುವೆ ಬಿಡದಂತೆ ಬೆನ್ನು ಹತ್ತುವುದು ನಮ್ಮ ಪಾಲಿನದು. ಅದಕ್ಕೆ ಬೇಕಾದ ಹಣ ಅಮೆರಿಕದ ಸರ್ಕಾರದಿಂದ ದಿಲ್ಲಿಗೆ ಬಂದು, ದಿಲ್ಲಿಯಿಂದ ನಮಗೆ ಬರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ನಾವು ತಲೆ ಕೆಡಿಸಿಕೊಂಡವರಲ್ಲ. ನಳದಲ್ಲಿ ನೀರು ಬಂದಾಗ ಯಾವ ಕೆರೆಯದೆಂದು ಯಾರು ಕೇಳುತ್ತಾರೆ?

ರೋಗಿಗಳು ಮುಂಜಾನೆ ಗುಳಿಗೆ ನುಂಗಿ ನಮ್ಮ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೊಟ್ಟ ಕೂಡಲೇ ಮಶೀನು ಅವರಿಗೆ ತಿರುಗಿ ಫೋನು ಮಾಡಿ ನನ್ನ ಧ್ವನಿಯಲ್ಲಿ ವಿಚಾರಿಸುತ್ತಿತ್ತು. ಕೊಡದೇ ಇದ್ದವರಿಗೆ ಸಂಜೆ ತಾನೇ ಮಾಡುತ್ತಿತ್ತು. ಎರಡು ಒತ್ತಿದವರ ಸುದ್ದಿ ನಮ್ಮ ಕಂಪ್ಯೂಟರ್ ನೋಡುವವನ ಫೋನಿಗೆ ಮೆಸೇಜಾಗಿ ಬರುತ್ತಿತ್ತು, ಸಂಜೆಯೊಳಗೆ ನಮ್ಮ ಆಫೀಸಿನ ಹೆಣ್ಣುಮಗಳೊಬ್ಬಳು ಆ ಮನೆಯ ಬಾಗಿಲಲ್ಲಿರುತ್ತಿದ್ದಳು. ಧ್ವನಿ ಮುದ್ರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊರಗಿನ ಗದ್ದಲ ಬರಬಾರದೆಂದು ಹಿಂದಿನ ಕೋಣೆಯ ಕಿಟಕಿಗೆ ನನ್ನ ಮನೆಯಿಂದಲೇ ಕೌದಿ ತಂದು ಕಟ್ಟಿದ್ದೆವು. ದಿಲ್ಲಿಯ ಆಫೀಸಿನ ಮೇಡಂ ಬರೆಸಿ ಕಳಿಸಿದ್ದ ಮಾತು ಶುದ್ಧ ಪುಸ್ತಕದ ಕನ್ನಡ. ಹಿಂಗ ಹೇಳಿದ್ರ ಜನ ಕೋರ್ಟಿನ ನೋಟೀಸು ಬಂತಂತ ಫೋನು ಒಗೀತಾರ್ರೀ ಎಂದು ಜಗಳ ತೆಗೆದು, ನಮ್ಮ ಮಂದಿಯ ಮಾತಿನಲ್ಲೇ ಹೇಳಿದೆ. 'ನಿಮ್ಮ ಅಕ್ಕ' ಎಂಬುದು ನಾನೇ ಸೇರಿಸಿದ್ದು. ಅದು ಹಿಡಿಸಿತು. ಬೀದಿಯಲ್ಲಿ ಮಾತಾಡಿದರೆ ಕೆಲವರು ತಿರುಗಿ ನೋಡುತ್ತಿದ್ದರು, ನನಗೆ ಒಳಗೊಳಗೇ ಜಂಬವೂ ಇತ್ತು.

ಆಮೇಲೆ ಅಲ್ಲಿ, ಅಮೆರಿಕದಲ್ಲಿ, ಹೊಸ ಅಧ್ಯಕ್ಷರು ಬಂದರು. ಊಟದ ಹೊತ್ತಿಗೆ ನಮ್ಮ ಕಂಪ್ಯೂಟರಿನ ಹುಡುಗ ತನ್ನ ಫೋನಿನಲ್ಲಿ ತೋರಿಸಿದ. ಹುಡುಗ ಎಂದು ನಾವು ಕರೆಯುತ್ತಿದ್ದೆವೇ ಹೊರತು ಅವನು ಎರಡು ಮಕ್ಕಳ ತಂದೆ, ಮೋಮಿನಪುರದವನೇ. ದಪ್ಪ ಪೆನ್ನು ಹಿಡಿದು ಅಧ್ಯಕ್ಷರು ಒಂದರ ಮೇಲೊಂದು ಕಾಗದಕ್ಕೆ ಸಹಿ ಹಾಕಿ ಮೇಲೆತ್ತಿ ತೋರಿಸುತ್ತಿದ್ದರು. ಯಾರು ಬಂದರೆ ನಮಗೇನು ಎಂದುಕೊಂಡು ನಾವು ಡಬ್ಬಿ ತೊಳೆಯಲು ಎದ್ದೆವು. ಆ ಕಾಗದಗಳಲ್ಲಿ ಒಂದು ನಮ್ಮದಾಗಿತ್ತು ಎಂದು ಯಾರಿಗೆ ಗೊತ್ತು.

ಅದೇ ವಾರ ಮೇಲ್ ಬಂತು. ಎಲ್ಲ ಕೆಲಸ ಈಗಿಂದೀಗಲೇ ನಿಲ್ಲಿಸಬೇಕು. ಹಣ ಖರ್ಚು ಮಾಡಬಾರದು, ಹಳ್ಳಿಗಳಿಗೆ ಹೋಗಬಾರದು, ರೋಗಿಗಳ ಜೊತೆ ಸಂಪರ್ಕ ಇಟ್ಟುಕೊಳ್ಳಬಾರದು. ಪರಿಶೀಲನೆ ಮುಗಿಯುವ ತನಕ ಮಾತ್ರ ಎಂದಿತ್ತು. ನಾವು ದಿನಾ ಆಫೀಸಿಗೆ ಬಂದು, ಕಂಪ್ಯೂಟರ್ ಹಚ್ಚದೆ, ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಫೋನು ಬಾರಿಸಿದರೆ ಎತ್ತುವ ಹಾಗಿಲ್ಲ, ಅದು ಬಾರಿಸಿ ಬಾರಿಸಿ ಸುಮ್ಮನಾಗುತ್ತಿತ್ತು. ಒಂದು ದಿನ ಇನ್ನೊಂದು ಮೇಲ್ ಬಂತು, ಪರಿಶೀಲನೆಯೂ ಇಲ್ಲ ಏನೂ ಇಲ್ಲ, ಯೋಜನೆಯೇ ರದ್ದು. ಗುರುತಿನ ಚೀಟಿ ಒಪ್ಪಿಸಬೇಕು ಎಂದಿತ್ತು. ಒಪ್ಪಿಸಿಕೊಳ್ಳುವವರೂ ಕೆಲಸ ಕಳೆದುಕೊಂಡಿದ್ದರು, ಆದರೂ ಪಾಪ ಬಂದು ತೆಗೆದುಕೊಂಡು ಹೋದರು. ಬೋರ್ಡು ಇಳಿಸಿದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಚೌಕಾಕಾರವಾಗಿ ಉಳಿಯಿತು. ಹಳ್ಳಿಗಳಲ್ಲಿ ಕಫ ಪರೀಕ್ಷೆಗೆ ಹೋಗುತ್ತಿದ್ದ ವ್ಯಾನು ಒಂದು ಗ್ಯಾರೇಜಿನಲ್ಲಿ ನಿಂತಲ್ಲೇ ನಿಂತಿತು.

ರೋಗಿಗಳಿಗೆ ಒಂದು ಮಾತು ಹೇಳಿ ಬಿಡುತ್ತೇವೆ ಎಂದು ನಾನು ದಿಲ್ಲಿಯ ಮೇಡಂಗೆ ಅಂಗಲಾಚಿದೆ. ಹಾಗೆ ಮಾಡಿದರೆ ಬಾಕಿ ಸಂಬಳವೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ ಎಂದು ಆಕೆ ಫೋನಿನಲ್ಲೇ ಅತ್ತಳು. ನಾನು ಒಂದು ಮಾತು ಅಂದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಕೆಗೆ ಅಂದದ್ದಲ್ಲ, ಆ ಪೆನ್ನಿಗೆ ಅಂದದ್ದು.

ಮನೆ ನಡೆಯಬೇಕಲ್ಲ. ಕಪನೂರಿನಲ್ಲಿ ಮಸಾಲೆ ಪುಡಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಮೂಗು ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದರೂ ಖಾರದ ಧೂಳು ಗಂಟಲಿಗೆ ಇಳಿಯುತ್ತದೆ. ಕೆಲವೇ ವಾರಗಳಲ್ಲಿ ನನ್ನ ಧ್ವನಿ ಒಡೆಯಿತು. ಮಾತಾಡಿದರೆ ಗೊರಗೊರ ಎನ್ನುವುದು, ಸಂಜೆಯಾದರೆ ಅದೂ ಇಲ್ಲ. ಮನ್ಯಾಗ ಈಗ ಶಾಂತಿ ಅದ ನೋಡು ಎಂದು ನನ್ನ ಗಂಡ ಚೇಷ್ಟೆ ಮಾಡಿದ. ಚಪಾತಿ ಲಟ್ಟಣಿಗೆ ತೋರಿಸಿದೆ, ಸುಮ್ಮನಾದ.

ಹಾಗಾಗಿ ಟಂಟಂನಲ್ಲಿ ಆ ಧ್ವನಿ ಕೇಳಿದಾಗ ನನಗೆ ಹೊಟ್ಟೆಕಿಚ್ಚೂ ಆಯಿತು ಎಂದರೆ ನಂಬಬೇಕು. ಅದಕ್ಕೆ ಕೆಲಸ ಹೋಗಿರಲಿಲ್ಲ. ಅದರ ಗಂಟಲು ಒಡೆದಿರಲಿಲ್ಲ. ನಾನು ಮನೆಗೆ ಹೋಗದೆ ನೆಟ್ಟಗೆ ಮೋಮಿನಪುರಕ್ಕೆ ಹೋದೆ.

ಕಂಪ್ಯೂಟರಿನ ಹುಡುಗ ಈಗ ತನ್ನ ಅಣ್ಣನ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತ ಕೂಡುತ್ತಿದ್ದ. ಕಣ್ಣಿಗೆ ಸಿಕ್ಕಿಸಿದ್ದ ದುರ್ಬೀನು ತೆಗೆದು ನನ್ನನ್ನು ನೋಡಿದ. ನಾನು ಹೇಳಿದ್ದನ್ನು ಕೇಳಿ ಅವನಿಗೆ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮಶೀನು ಬೇರೆ ಯಾವುದೋ ರಾಜ್ಯದಲ್ಲಿದೆ, ಅದರ ಬಾಡಿಗೆಯನ್ನು ವರ್ಷದ್ದು ಮೊದಲೇ ಕಟ್ಟಿಬಿಟ್ಟಿದ್ದರು ಎಂದ. ನಿಲ್ಲಿಸುವ ಪಾಸ್‌ವರ್ಡ್ ದಿಲ್ಲಿಯ ಆಫೀಸಿನದು, ಆ ಆಫೀಸಿಗೆ ಬೀಗ ಬಿದ್ದಿದೆ. ಇವನು ಬರೆದ ಮೇಲ್‌ಗಳಿಗೆಲ್ಲ ಈ ವಿಳಾಸದಲ್ಲಿ ಈಗ ಯಾರೂ ಇಲ್ಲ ಎಂಬ ಒಂದೇ ಉತ್ತರ ತಾನಾಗಿಯೇ ತಿರುಗಿ ಬರುತ್ತಿತ್ತು.

"ಬಂದ್ ಮಾಡ್ರಿ ಅಂತ ನಮಗ ಹೇಳ್ಯಾರ್ರೀ ಮೇಡಂ," ಎಂದ. "ಅದಕ್ಕ ಯಾರೂ ಹೇಳಿಲ್ಲ."

ಆಮೇಲೆ ಅಂಗಡಿಯ ಗಿರಾಕಿ ಹೋಗುವವರೆಗೂ ಕಾದು ತನ್ನ ಫೋನು ನನ್ನ ಮುಂದಿಟ್ಟ. ಎರಡು ಒತ್ತಿದವರ ಮೆಸೇಜು ಅವನಿಗೆ ಬರುವುದು ಇನ್ನೂ ನಿಂತಿರಲಿಲ್ಲ. ನೋಡಿ ನೋಡಿ ಅವನಿಗೆ ನಿದ್ದೆ ಕೆಟ್ಟಿತ್ತು, ಯಾರಿಗೆ ಹೇಳಬೇಕು ಎಂದು ತಿಳಿದಿರಲಿಲ್ಲ. ಬಹಳ ಜನ ಒಂದೆರಡು ಸಲ ಎರಡು ಒತ್ತಿ, ಯಾರೂ ಬಾರದ್ದು ನೋಡಿ, ತಮ್ಮ ದಾರಿ ತಾವು ನೋಡಿಕೊಂಡಿದ್ದರು. ಒಂದು ನಂಬರು ಮಾತ್ರ ವಾರದ ಮೇಲಾಯಿತು, ದಿನಾ ಮುಂಜಾನೆ ಎರಡು ಒತ್ತುತ್ತಿತ್ತು. ಹೆಸರು ಬರುವ ರೂಢಿ ಇರಲಿಲ್ಲ, ರೋಗದ ಗುಟ್ಟು ಹೊರಗೆ ಬೀಳಬಾರದೆಂದು ನಂಬರು ಮತ್ತು ಗುರುತು ಮಾತ್ರ ಬರುತ್ತಿತ್ತು. ಕಮಲಾಪುರ, ಹೆದ್ದಾರಿಯ ಹಿಂದಿನ ಓಣಿ, ಬಾಳೆಹಣ್ಣಿನ ವಖಾರಿಯ ಹತ್ತಿರ. ಹೆಂಗಸು.

ಎರಡು ಒತ್ತಿದರೆ ಆ ಧ್ವನಿ ಏನು ಹೇಳುತ್ತದೆ ಎಂದು ನನಗೆ ಬಾಯಿಪಾಠವಿತ್ತು. ಫಿಕರ್ ಮಾಡಬ್ಯಾಡ್ರಿ, ನಾನು ನಿಮ್ಮ ಮನಿಗೆ ಬರ್ತೀನಿ, ಅಲ್ಲೀತನಕ ಯಾರು ಏನೇ ಹೇಳಿದ್ರೂ ಗುಳಿಗಿ ಬಿಡಬ್ಯಾಡ್ರಿ. ಓಣಿಯ ಮಂದಿ, ನಾಟಿ ವೈದ್ಯರು, ನೆಂಟರು ಹೆದರಿಸಿ ಗುಳಿಗೆ ಬಿಡಿಸುತ್ತಾರೆಂದು ಆ ಮಾತು ಹಾಕಿದ್ದೆವು. ಸಂಜೆಯೊಳಗೆ ಯಾರಾದರೂ ಹೋಗಿ ನೋಡುತ್ತಿದ್ದಾಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೆಲವರಿಗೆ ಈ ಗುಳಿಗೆ ಲಿವರಿಗೆ ಹತ್ತುತ್ತದೆ. ಕಣ್ಣು ಹಳದಿಯಾಗುತ್ತದೆ. ಆಗ ಗುಳಿಗೆಯನ್ನು ಆ ಹೊತ್ತೇ ನಿಲ್ಲಿಸಿ ದೊಡ್ಡ ದವಾಖಾನೆಗೆ ಓಡಬೇಕು. ನಿಲ್ಲಿಸದೆ ದಿನಾ ನುಂಗುತ್ತ ಹೋದರೆ ಜೀವ ಹೋಗುತ್ತದೆ.

ಅಂಗಡಿಯಿಂದಲೇ ಆ ನಂಬರಿಗೆ ಫೋನು ಮಾಡಿದೆ. ವಯಸ್ಸಾದ ಹೆಂಗಸು ಎತ್ತಿದಳು. ನಾನು ಗುಳಿಗಿ ಆಫೀಸಿನ ಅಕ್ಕ ಎಂದು ನನ್ನ ಒಡಕು ಗಂಟಲಲ್ಲಿ ಹೇಳಿದೆ. ನನ್ನ ಸೊಸೆಯ ಗುಳಿಗೆಯ ಬಗ್ಗೆ ಅಕ್ಕ ಮುಂಜಾನೆಯೇ ಮಾತಾಡಿದ್ದಾಳೆ, ನೀನು ಯಾರು ಎಂದು ಕೇಳಿ ಆಕೆ ಕಟ್ ಮಾಡಿದಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ ಕಾರ್ಖಾನೆಗೆ ಜ್ವರವೆಂದು ಹೇಳಿ ಬಸ್ಸು ಹತ್ತಿದೆ. ಬಸ್ಸು ಕಪನೂರಿನ ಮುಂದೆಯೇ ಹೋಗುವುದು, ಸೂಪರ್‌ವೈಸರ್ ಕಂಡಾನೆಂದು ಸೆರಗು ಮುಖಕ್ಕೆಳೆದುಕೊಂಡು ಕೂತೆ. ಕಮಲಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆಯ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು, ಮಾರುವವರು ಗೋಣಿತಟ್ಟಿನ ನೆರಳಲ್ಲಿ ಮಲಗಿದ್ದರು. ಹಣ್ಣು ಮಾಗಲು ಹಾಕುವ ಆ ವಖಾರಿ ಸಿಕ್ಕಿತು. ಅದರ ಹಿಂದಿನ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲುಗಳೆಲ್ಲ ಬಿಸಿಲಿಗೆ ಮುಚ್ಚಿದ್ದವು. ಯಾರ ಬಾಗಿಲು ಬಡಿದು ಏನೆಂದು ಕೇಳುವುದು? ನಿಮ್ಮಲ್ಲಿ ಯಾರಿಗೆ ಟಿ.ಬಿ. ಇದೆ ಎಂದು ಕೇಳಲು ಬರುತ್ತದೆಯೇ?

ಓಣಿಯ ನಡುವೆ ನಿಂತು ಆ ನಂಬರಿಗೆ ಫೋನು ಹಚ್ಚಿದೆ ಮತ್ತು ನನ್ನ ಫೋನನ್ನು ಎದೆಗೆ ಅವುಚಿಕೊಂಡು ಕಿವಿಗೊಟ್ಟೆ. ಎಲ್ಲೋ ಒಳಗೆ, ಒಂದು ಗೋಡೆಯ ಆಚೆ, ಗಂಟೆಯ ಸದ್ದಿನ ರಿಂಗು ಶುರುವಾಯಿತು. ಅದರ ಕಡೆ ನಡೆದೆ. ನಿಂತಿತು. ಮತ್ತೆ ಹಚ್ಚಿದೆ. ಹತ್ತಿರ ಬಂತು. ನೀಲಿ ಬಣ್ಣದ ಬಾಗಿಲ ಮುಂದೆ ನಿಂತಾಗ ಅದು ಒಳಗೆ ನನ್ನ ಕಾಲ ಹತ್ತಿರವೇ ಬಾರಿಸುತ್ತಿತ್ತು. ಕಟ್ ಮಾಡಿ ಬಾಗಿಲು ಬಡಿದೆ.

ತೆರೆದವಳು ನಿನ್ನೆ ಮಾತಾಡಿದ ಹೆಂಗಸೇ, ಆ ಮನೆಯ ಅತ್ತೆ. ಹಣೆಯ ತುಂಬ ವಿಭೂತಿ, ಕೈತುಂಬ ಹಸಿರು ಬಳೆ. ಬಿಸಿಲಲ್ಲಿ ಬಂದ ಹೆಂಗಸೆಂದು ಯಾರು ಏನು ಎಂದು ಕೇಳುವ ಮೊದಲೇ ನೀರು ಕೊಟ್ಟಳು. ಅತ್ತೆ ಎಂದರೆ ಸೊಸೆಯನ್ನು ಗೋಳಾಡಿಸುವವಳು ಎಂದು ನಾನು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬಂದಿದ್ದೆ. ಹಾಗಿರಲಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿದ್ದ ಸೊಸೆಯ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಪಕ್ಕದಲ್ಲಿ ಅಂಬಲಿಯ ಬಟ್ಟಲು ಇಟ್ಟಿದ್ದಳು. ಮಗ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಹುಡುಗಿಯ ಗುಳಿಗೆ, ಫೋನು, ಎಲ್ಲ ಆಕೆಯದೇ ಜವಾಬ್ದಾರಿ. ವಾಂತಿಯಾದರೂ ಬಿಡದೆ, ಕೈಯಾರೆ ಗುಳಿಗೆ ನುಂಗಿಸುತ್ತೇನೆ ಎಂದಳು. ಅಕ್ಕ ಹೇಳ್ಯಾಳಲ್ರೀ ಎಂದಳು, ಹೆಮ್ಮೆಯಿಂದ.

ಹುಡುಗಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕಿಟಕಿ ಮುಚ್ಚಿದ್ದ ಆ ಮಬ್ಬಿನಲ್ಲೂ ಕಂಡಿತು, ಕಣ್ಣಿನ ಬಿಳಿಯೆಲ್ಲ ಅರಿಶಿನ.

ನಾನು ಯಾರೆಂದು ಹೇಳಿದೆ. ಈ ಗುಳಿಗೆ ಇನ್ನೊಂದು ನುಂಗಿಸಬೇಡಿ, ಈಗಲೇ ಗಾಡಿ ಮಾಡಿಕೊಂಡು ಕಲಬುರಗಿಗೆ ಹೋಗೋಣ ಎಂದೆ. ಅತ್ತೆಯ ಮುಖ ಬಿಗಿಯಿತು. ಅಕ್ಕನ ಧ್ವನಿ ನನಗೆ ಗೊತ್ತು, ದಿನಾ ಕೇಳುತ್ತೇನೆ, ಅದು ನಿನ್ನದಲ್ಲ ಎಂದಳು. ಚೀಟಿ ತೋರಿಸು ಎಂದಳು. ಚೀಟಿ ಎಲ್ಲಿಂದ ತರಲಿ? ನಮ್ಮ ಆಫೀಸು ಮುಚ್ಚಿದೆ, ಅಮೆರಿಕದಲ್ಲಿ ಸರ್ಕಾರ ಬದಲಾಯಿತು ಎಂದು ಹೇಳಿದೆ. ಹೇಳುತ್ತಿರುವಾಗಲೇ ನನಗೇ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು. ಅಮೆರಿಕದಲ್ಲಿ ಯಾರೋ ಬಂದರೆ ಕಮಲಾಪುರದ ಅಕ್ಕ ಹೇಗೆ ಹೋಗುತ್ತಾಳೆ? ಆಕೆ ಗೋಡೆಯ ಗೂಡಿನ ಕಡೆ ಕೈ ಮಾಡಿದಳು. ಅಲ್ಲಿ ಒಂದು ತಟ್ಟೆಯಲ್ಲಿ ಕುಪ್ಪಸದ ಖಣ, ಅಕ್ಕಿ, ಒಣಕೊಬ್ಬರಿ, ಅರಿಶಿನದ ಕೊಂಬು ಇದ್ದವು. ಬರುತ್ತೇನೆ ಎಂದಿದ್ದಾಳೆ, ಬಂದಾಗ ಉಡಿ ತುಂಬಿ ಕಳಿಸಲೆಂದು ಇಟ್ಟಿದ್ದೇನೆ ಎಂದಳು. ಅಕ್ಕಿಯ ಮೇಲೆ ಇರುವೆ ಹತ್ತಿದ್ದವು.

ಆಗ ಫೋನು ಬಾರಿಸಿತು. ಎರಡು ಒತ್ತಿದವರಿಗೆ ಮಧ್ಯಾಹ್ನ ಇನ್ನೊಮ್ಮೆ ಮಾಡುವಂತೆ ನಾವೇ ಹಚ್ಚಿಟ್ಟಿದ್ದೆವು, ನಾನು ಅದನ್ನು ಮರೆತೇಬಿಟ್ಟಿದ್ದೆ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಹಿರಿಯರ ಮುಂದೆ ಕೂತಂತೆ ಕೂತು, ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ನೆಲದ ಮೇಲಿಟ್ಟಳು.

ನಮಸ್ಕಾರರೀ, ನಾನು ನಿಮ್ಮ ಅಕ್ಕ ಮಾತಾಡಾಕತ್ತೀನಿ ಎಂದಿತು. ಎಂಥ ತಿಳಿಯಾದ ಧ್ವನಿ. ನನಗೂ ಅದರ ಮಾತು ಕೇಳಬೇಕೆನ್ನಿಸಿತು. ತ್ರಾಸ ಕಡಿಮಿ ಆತೇನು ಎಂದು ಕೇಳಿ ಗುಂಡಿ ಒತ್ತಲಿಕ್ಕೆಂದು ಸುಮ್ಮನಾಯಿತು. ಅತ್ತೆ ಗುಂಡಿ ಒತ್ತಲಿಲ್ಲ. ಬಾಗಿ ಅದಕ್ಕೆ ಹೇಳಿದಳು.

"ಯಾರೋ ಬಂದಾರ ನೋಡವಾ. ಗುಳಿಗಿ ಬಿಡ್ರಿ ಅಂತಾರ. ಏನ್ ಮಾಡಲಿ?"

ಆ ಧ್ವನಿ ಗುಂಡಿಗಾಗಿ ಕಾಯುವ ಹೊತ್ತು ಮುಗಿಸಿಕೊಂಡು, ಒತ್ತದಿದ್ದರೂ ತ್ರಾಸ ಇದೆಯೆಂದೇ ಹಿಡಿದು, ಮಾತಾಡಿತು. "ಫಿಕರ್ ಮಾಡಬ್ಯಾಡ್ರಿ. ನಾನು ನಿಮ್ಮ ಮನಿಗೆ ಬರ್ತೀನಿ. ಅಲ್ಲೀತನಕ ಯಾರು ಏನೇ ಹೇಳಿದ್ರೂ ಗುಳಿಗಿ ಬಿಡಬ್ಯಾಡ್ರಿ."

ಅತ್ತೆ ನನ್ನ ಕಡೆ ನೋಡಿದಳು. ಕೇಳಿದೆಯಾ ಎನ್ನುವ ನೋಟ. ಇದು ಮಶೀನು, ಎಂದೋ ಕೂತು ಹೇಳಿಟ್ಟ ಮಾತು ಎಂದರೆ ಈಗ ಯಾರು ನಂಬುತ್ತಾರೆ, ಕೇಳಿದ್ದಕ್ಕೆ ಅದು ಉತ್ತರ ಕೊಟ್ಟಾಗಿದೆ. ಆಮೇಲೂ ಗುಂಡಿ ಒತ್ತದೇ ಇದ್ದರೆ ಅದು ಮೊದಲಿನಿಂದ ಮತ್ತೊಮ್ಮೆ ಹೇಳುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿಟ್ಟದ್ದೆಂದು ತೋರಿಸಲು ನನಗೆ ತೋಚಿದ್ದು ಒಂದೇ. ಅದು ನಮಸ್ಕಾರರೀ ಎಂದ ಕೂಡಲೇ ನಾನೂ ಅದರ ಜೊತೆ ಹೇಳತೊಡಗಿದೆ. ಒಂದೊಂದು ಅಕ್ಷರ, ಒಂದೊಂದು ಉಸಿರು, ಎಲ್ಲಿ ನಗಬೇಕೋ ಅಲ್ಲಿ ನಗೆ. ನನ್ನ ಒಡಕು ಧ್ವನಿ, ಅದರ ಗಟ್ಟಿ ಧ್ವನಿ, ಎರಡೂ ಆ ಮುಚ್ಚಿದ ಕೋಣೆಯಲ್ಲಿ ಕೂಡಿ ನಡೆದವು. ನಾಲ್ಕು ಮಾತು ದಾಟುವಷ್ಟರಲ್ಲಿ ಯಾವುದು ನನ್ನ ಬಾಯಿಂದ ಬರುತ್ತಿದೆ, ಯಾವುದು ನೆಲದಿಂದ ಬರುತ್ತಿದೆ ಎಂದು ನನಗೇ ತಿಳಿಯದಾಯಿತು. ನಾನು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗಲಿಲ್ಲ, ಬರ್ತೀನಿ, ಬರ್ತೀನಿ ಎಂದು ನಾವಿಬ್ಬರೂ ಹೇಳಿ ಮುಗಿಸಿದೆವು.

ಅತ್ತೆ ಕೂತಲ್ಲಿಂದಲೇ ಹಿಂದೆ ಸರಿದು ಗೋಡೆಗೆ ಆತುಕೊಂಡಿದ್ದಳು. ತುಟಿಯಷ್ಟೇ ಅಲುಗಿತು. ಭಾನಾಮತಿ ಎಂದಳು.

ನಮ್ಮ ಕಡೆ ಆ ಶಬ್ದವನ್ನು ಜೋರಾಗಿ ಯಾರೂ ಹೇಳುವುದಿಲ್ಲ. ಯಾರೋ ಮಾಡಿಸಿದ ಮಾಟ ಮನೆ ಹೊಕ್ಕರೆ ಅನ್ನದಲ್ಲಿ ಕಲ್ಲು ಬೀಳುತ್ತದೆ, ಹೆಂಗಸರ ಬಾಯಲ್ಲಿ ಬೇರೆಯವರು ಮಾತಾಡುತ್ತಾರೆ ಎಂದು ಕೇಳುತ್ತಲೇ ಬೆಳೆದವರು ನಾವು. ಓದಿದವಳು, ಆಫೀಸಿನಲ್ಲಿದ್ದವಳು ಎಂದು ನಾನು ಎಷ್ಟೇ ಅಂದುಕೊಂಡರೂ ಆ ಹೊತ್ತಿಗೆ ಆಕೆಯ ಮಾತು ಸುಳ್ಳೆಂದು ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಆಕೆ ಎದ್ದು, ಫೋನನ್ನು ಬಟ್ಟೆಯಲ್ಲಿ ಹಿಡಿದು, ಮೂಲೆಯಲ್ಲಿಟ್ಟು, ಮೇಲೆ ತಾಮ್ರದ ಹಂಡೆ ಬೋರಲು ಹಾಕಿದಳು. ಹಂಡೆಯ ಒಳಗಿನಿಂದ ಅದು ಇನ್ನೂ ನಮಸ್ಕಾರರೀ ಎನ್ನುತ್ತಿತ್ತು. ಆಮೇಲೆ ಆಕೆ ಬಾಗಿಲು ತೆಗೆದು ಹಿಡಿದು, ಹೊರಗೆ ನಡೆ ಎಂದು ನನಗೆ ಕೈಸನ್ನೆ ಮಾಡಿದಳು.

ಹೊರಗೆ ಕಾಲಿಟ್ಟರೆ ಆ ಹುಡುಗಿ ಮುಗಿದಳು ಎಂದು ನನಗೆ ಗೊತ್ತಿತ್ತು. ನಾಳೆ ಮುಂಜಾನೆ ಇನ್ನೊಂದು ಗುಳಿಗೆ, ನಾಡಿದ್ದು ಇನ್ನೊಂದು. ನಾನು ಹೊಸ್ತಿಲ ಮೇಲೆ ನಿಂತುಬಿಟ್ಟೆ. ಏನು ಹೇಳಿದರೂ ಅದರಂತೆಯೇ ಕೇಳಿಸುತ್ತದೆಂದು ಹೆದರಿ ಬಾಯಿ ತೆಗೆಯಲಿಲ್ಲ. ಆಗ ಅಷ್ಟು ಹೊತ್ತೂ ಮಾತಾಡದ ಹುಡುಗಿ ಚಾಪೆಯ ಮೇಲೆ ಮೊಣಕೈ ಊರಿ ಎದ್ದಳು.

"ಅತ್ತಿ," ಎಂದಳು, "ಆಕಿ ದಿನಾ ಬರ್ತೀನಿ ಅಂತಾಳ. ಇವರು ಬಂದಾರ."

ಗೋಡೆ ಹಿಡಿದುಕೊಂಡು, ಸೀರೆ ಸರಿ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ನನ್ನ ಹತ್ತಿರ ಬಂದು ನನ್ನ ಮುಂಗೈ ಹಿಡಿದಳು. ಅವಳ ಅಂಗೈ ಸುಡುತ್ತಿತ್ತು. ಅತ್ತೆ ಬಾಗಿಲಲ್ಲಿ ಅಡ್ಡ ನಿಂತವಳು ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಚಾದರ ತಂದು ಹುಡುಗಿಗೆ ಹೊದಿಸಿ ತಾನೂ ಹೊರಟಳು. ಹೆದ್ದಾರಿಗೆ ಬಂದು ಒಂದು ಜೀಪಿಗೆ ಕೈ ಮಾಡಿದೆವು. ದಾರಿಯುದ್ದಕ್ಕೂ ಆ ಹೆಂಗಸು ಸೊಸೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು, ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಇನ್ನು ನಾಲ್ಕಾರು ದಿನ ಹೀಗೇ ನುಂಗಿದ್ದರೆ ನಾವು ಮಾಡುವುದೇನೂ ಇರುತ್ತಿರಲಿಲ್ಲ ಎಂದರು ದವಾಖಾನೆಯ ಡಾಕ್ಟರು. ಹುಡುಗಿ ಬಹಳ ದಿನ ಅಲ್ಲಿದ್ದಳು. ಕಣ್ಣಿನ ಅರಿಶಿನ ನಿಧಾನವಾಗಿ ಇಳಿಯಿತು. ಮೆಸೇಜುಗಳನ್ನು ಹಿಡಿದುಕೊಂಡು ಕಂಪ್ಯೂಟರಿನ ಹುಡುಗ ಮತ್ತು ನಾನು ಉಳಿದ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡಿದೆವು, ಈಗಲೂ ಮಾಡುತ್ತಿದ್ದೇವೆ. ಕೆಲವರು ಎತ್ತುತ್ತಾರೆ. ಧ್ವನಿಯನ್ನು ಮಾತ್ರ ನಿಲ್ಲಿಸಲಾಗಲಿಲ್ಲ. ಇಲ್ಲಿನ ಅಧಿಕಾರಿಗಳಿಗೆ ಹೇಳಿದೆವು, ಅವರು ಮನಸ್ಸಿಟ್ಟು ಕೇಳಿದರು, ಅದರ ಕೀಲಿ ಅವರ ಕೈಯಲ್ಲಿ ಇರಲಿಲ್ಲ. ಯಾರ ಕೈಯಲ್ಲೂ ಇರಲಿಲ್ಲ.

ಟಿ.ಬಿ. ಮಾತ್ರ ಅವಳ ಮೈಯಲ್ಲಿ ಇನ್ನೂ ಇತ್ತು. ಲಿವರ್ ಸುಧಾರಿಸಿದ ಮೇಲೆ ಡಾಕ್ಟರು ಗುಳಿಗೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿದರು. ಹುಡುಗಿ ನುಂಗಲು ಒಪ್ಪಲಿಲ್ಲ. ಗುಳಿಗೆ ಕಂಡರೆ ಬಾಯಿ ಕಚ್ಚಿಕೊಳ್ಳುವಳು. ನುಂಗದಿದ್ದರೆ ಹಳೆಯ ರೋಗ ಅವಳನ್ನು ಬಿಡುವುದಿಲ್ಲ ಎಂದು ಎಷ್ಟು ತಿಳಿಹೇಳಿದರೂ ತಲೆ ಅಲ್ಲಾಡಿಸುವಳು. ಕೊನೆಗೆ ನಾನು ದಿನಾ ಮುಂಜಾನೆ ನಾನೇ ಫೋನು ಮಾಡುತ್ತೇನೆ ಎಂದೆ. ಅದಕ್ಕೆ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು. ಮಾತು ಶುರುವಾದ ಕೂಡಲೇ ಕೇಳುವಳು.

"ನಿನ್ನೆ ಹೇಳಲಾರದ್ದು ಏನಾರ ಹೇಳ್ರಿ ಅಕ್ಕ."

ಹೇಳುತ್ತಿದ್ದೆ. ನಮ್ಮ ಮನೆಯ ಜೋಳದ ರೊಟ್ಟಿ ಸೀದದ್ದು, ಗಂಡ ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದದ್ದು, ಸೂಪರ್‌ವೈಸರನಿಗೆ ಖಾರ ಮೂಗಿಗೇರಿ ಸೀನು ನಿಲ್ಲದೇ ಹೋದದ್ದು. ಅವಳು ಕೇಳಿ, ಹೂಂ ಎಂದು, ಆಮೇಲೆ ನೀರು ಗುಟುಕರಿಸುವ ಸದ್ದು ನನಗೆ ಕೇಳಿಸುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು. ಬರಬರುತ್ತ ಅದು ಕಷ್ಟವಾಯಿತು. ನನ್ನ ದಿನಗಳೂ ಒಂದರಂತೆ ಇನ್ನೊಂದು. ರಾತ್ರಿ ಮಲಗುವ ಮುನ್ನವೇ ನಾಳೆಗೆ ಹೊಸದೇನು ಹೇಳಲಿ ಎಂದು ಚಿಂತೆ ಹತ್ತುತ್ತಿತ್ತು.

ಮಳೆಗಾಲ ಹತ್ತಿರ ಬಂದಾಗ ಒಂದು ಮುಂಜಾನೆ, ಕುಕ್ಕರು ಕೂಗುತ್ತಿತ್ತು, ಕಾರ್ಖಾನೆಗೆ ಹೊತ್ತಾಗಿತ್ತು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಅಮುಕಿಕೊಂಡು ಅವಳು ಎತ್ತಿದ ಕೂಡಲೇ ಬಾಯಿ ತೆರೆದೆ. ಹಿಂದಿನ ಕೆಲವು ದಿನ ರಜೆ ಹಾಕಿ ಔಷಧ ಕುಡಿದಿದ್ದೆ, ಗಂಟಲು ತಿಳಿಯಾಗಿತ್ತು. ನನ್ನ ಬಾಯಿಂದ ಬಂದದ್ದು ಇದು.

"ನಮಸ್ಕಾರರೀ. ನಾನು ನಿಮ್ಮ ಅಕ್ಕ ಮಾತಾಡಾಕತ್ತೀನಿ. ಇವತ್ತಿನ ಗುಳಿಗಿ ತೊಗೊಂಡ್ರೇನು?"

ಅದೇ ರಾಗ, ಅದೇ ನಗು. ನಾನು, ನಾನೇ, ಎಂದೆ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಇನ್ನೂ ಮಾಡುತ್ತ ಹೋದರೆ ನಾನೂ ಅದೂ ಒಂದೇ ಆಗಿಬಿಡುತ್ತೇವೆ ಎಂದು ಹೊಳೆದು ಕೈ ನಿಂತಿತು. ಒಲೆ ಆರಿಸಿ, ಅಡುಗೆ ಅಲ್ಲಿಗೇ ಬಿಟ್ಟು, ಬಸ್ ಸ್ಟ್ಯಾಂಡಿಗೆ ಓಡಿದೆ.

ಕಮಲಾಪುರದ ಆ ಓಣಿಯಲ್ಲಿ ಅವಳು ನೀಲಿ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಹಿಂದೆ ಅತ್ತೆ ನೀರಿನ ಚರಿಗೆ ಹಿಡಿದು ನಿಂತಿದ್ದಳು. ಗುಳಿಗೆ ಹುಡುಗಿಯ ಅಂಗೈಯಲ್ಲಿತ್ತು, ಬೆವರಿಗೆ ಅದರ ಬಣ್ಣ ಕೈಗೆ ಹತ್ತಿತ್ತು. ನಾನು ಏದುಸಿರು ಬಿಡುತ್ತ ಎದುರು ನಿಂತೆ. ಮಾತಾಡಲು ಹೋದೆ, ಬೇಡ ಎಂದು ಅವಳು ತಲೆಯಾಡಿಸಿದಳು. ಕೈ ಚಾಚಿ ನನ್ನ ಮುಂಗೈಯನ್ನು ಜೋರಾಗಿ ಚಿವುಟಿದಳು. ಅಮ್ಮಾ ಎಂದೆ, ಅಷ್ಟು ನೋವಾಯಿತು. ಅವಳು ನನ್ನ ಮುಖವನ್ನೇ ನೋಡುತ್ತ ಗುಳಿಗೆ ಬಾಯಿಗೆ ಹಾಕಿಕೊಂಡಳು.